ಹೊರಗೆ ಕೂತವಳ ರಕ್ತ

ಫೋನಿನಲ್ಲಿ ನನ್ನ ಧ್ವನಿ ಕೇಳಿದವರು ಅಂಕಲ್ ಅನ್ನುತ್ತಾರೆ. ಗ್ಯಾಸ್ ಸಿಲಿಂಡರಿಗೆ ನಂಬರು ಹಚ್ಚಲು ಹೇಳಿದರೆ ಆ ಕಡೆಯ ಹುಡುಗಿ "ಜೀ ಸರ್" ಎನ್ನುತ್ತಾಳೆ. ನಾನು ತಿದ್ದಲು ಹೋಗುವುದಿಲ್ಲ. ಸಿಲಿಂಡರ್ ಬಂದರೆ ಸಾಕು. ಇದು ಹುಟ್ಟುಧ್ವನಿಯಲ್ಲ. ಮೂವತ್ತರ ವಯಸ್ಸಿನಲ್ಲಿ ನನ್ನ ರಕ್ತ ಕೆಟ್ಟಿತ್ತು. ಅದಕ್ಕೆ ಕೊಟ್ಟ ಗುಳಿಗೆಯಿಂದ ಹೀಗಾಯಿತು.

ಹೋದ ವರ್ಷ ಬಿಪಿ ತೋರಿಸಲು ಹೋದಾಗ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕಕ್ಕೆ ಒಬ್ಬ ಹೆಂಗಸು ಕೂತಿದ್ದಳು. ರಕ್ತದ ರಿಪೋರ್ಟನ್ನು ಮಡಿಲಲ್ಲಿ ಬೋರಲು ಹಾಕಿಕೊಂಡು ಯಾರ ಕಡೆಗೂ ನೋಡದೆ ಕೂತಿದ್ದಳು. ಅವಳಿಗೆ ಏನು ಹೇಳಬೇಕೆಂದು ಆಗ ತೋಚಲಿಲ್ಲ. ಮನೆಗೆ ಬಂದ ಮೇಲೆ ತೋಚಿತು. ನಾನು ಸಾಲೆಯಲ್ಲಿ ಎರಡನೆಯ ಇಯತ್ತೆ ಮುಗಿಸಿದವಳಲ್ಲ, ಬರೆಯಲು ಬಹಳ ದಿನ ಹಿಡಿಯಿತು. ಕಾಗುಣಿತ ತಿದ್ದಿದವರು ಕನ್ನಡ ಸಂಘದ ಟೀಚರ್. ಮುಟ್ಟಿನ ಮಾತು ಸಂಘದ ಪುಸ್ತಕದಲ್ಲಿ ಬೇಡ ಎಂದರು. ಅದನ್ನು ತೆಗೆದರೆ ಹೇಳುವುದೇನೂ ಉಳಿಯುವುದಿಲ್ಲ ಎಂದೆ. ಉಳಿಸಿದರು.

ಆಗ ನಾವು ಮುಂಬಯಿಯ ಹತ್ತಿರದ ಕಳವಾದಲ್ಲಿದ್ದೆವು. ರೈಲು ಹಳಿಯ ಮಗ್ಗುಲಿಗೆ ತಗಡಿನ ಪತ್ರಾ ಹೊದಿಸಿದ ಚಾಳು, ಅದರಲ್ಲಿ ಒಂದು ಖೋಲಿ. ಮನೆಯವರು ಕಲ್ಯಾಣದ ರೈಲ್ವೆ ಮಾಲ್ ಧಕ್ಕೆಯಲ್ಲಿ ಮೂಟೆ ಹೊರುತ್ತಿದ್ದರು. ವಿಜಾಪುರದ ಕಡೆಯಿಂದ ಬಂದವರು ನಾವು. ಮಗಳು ರೇಣುಕಾ ಇನ್ನೂ ಸಾಲೆಗೆ ಹೋಗದ ವಯಸ್ಸು. ನಾಲ್ಕನೆಯವಳು ನನ್ನ ಅತ್ತೆ. ಐದನೆಯವಳು ಯಲ್ಲಮ್ಮ. ಅತ್ತೆ ಊರು ಬಿಡುವಾಗ ದೇವಿಯ ಬುಟ್ಟಿಯನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಖೋಲಿಯ ಮೂಲೆಯ ಹಲಗೆಯ ಮೇಲೆ ಬುಟ್ಟಿ ಇತ್ತು. ಮಂಗಳವಾರ, ಶುಕ್ರವಾರ ಅದನ್ನು ತಲೆಯ ಮೇಲೆ ಹೊತ್ತು ಐದು ಮನೆ ತಿರುಗಿ ಜೋಗ ಬೇಡಿ ಬರುತ್ತಿದ್ದಳು. ಬೇಡುವ ಗತಿ ಬಂದಿತ್ತೆಂದಲ್ಲ, ಹರಕೆ.

ಊರಿನಲ್ಲಿ ತಿಂಗಳ ದಿನ ಬಂದರೆ ದನದ ಮನೆಯಲ್ಲಿ ಕೂರುತ್ತಿದ್ದೆವು. ಅಲ್ಲಿ ಯಾರಾದರೂ ಒಬ್ಬಳು ಜೊತೆಗಿರುತ್ತಿದ್ದಳು, ಮಾತಾಗುತ್ತಿತ್ತು. ಕಳವಾದ ಖೋಲಿಯಲ್ಲಿ ಎಲ್ಲಿ ನಿಂತು ಕೈ ಚಾಚಿದರೂ ದೇವಿಗೆ ತಾಗುತ್ತದೆ. ಅದಕ್ಕೇ ಹೊರಗೆ ಎಂದರೆ ಬಾಗಿಲ ಮುಂದಿನ ಗ್ಯಾಲರಿ. ನೀರು ಹಿಡಿಯಲು ಹೋಗುವವರೆಲ್ಲ ನನ್ನ ಕಾಲು ದಾಟಿ ಹೋಗುತ್ತಿದ್ದರು. ಇಡೀ ಚಾಳಿಗೆ ಲೆಕ್ಕ ಸಿಗುತ್ತಿತ್ತು. ಗಂಡಸರು ಮುಖ ತಿರುಗಿಸುತ್ತಿದ್ದರು. ಹುಡುಗರು ತಿರುಗಿಸುತ್ತಿರಲಿಲ್ಲ. ಅತ್ತೆ ಹೊಸ್ತಿಲ ಈಚೆ ತಾಟು ಸರಿಸುತ್ತಿದ್ದಳು. ಬೈದವಳಲ್ಲ, ಅವಳಿಗೂ ಅವಳ ಅತ್ತೆ ಹಾಗೆಯೇ ಸರಿಸಿದ್ದಳು.

ಮಗಳು ಹುಟ್ಟಿ ಮೂರು ವರ್ಷವಾದ ಮೇಲೆ ನಾನು ಡೊಂಬಿವಲಿಯ ಒಂದು ಯೂನಿಟ್ಟಿಗೆ ಕೆಲಸಕ್ಕೆ ಸೇರಿದೆ. ಮುಂಬಯಿಯ ಗಿರಣಿಗಳು ಮುಷ್ಕರದಲ್ಲಿ ನಿಲ್ಲುವುದಕ್ಕೂ ಮೊದಲಿನ ಮಾತು. ರೇನ್‌ಕೋಟ್ ಮಾಡುವ ಸಣ್ಣ ಯೂನಿಟ್. ರಬ್ಬರು ಬಳಿದ ಬಟ್ಟೆಯನ್ನು ಗಂಡಸರು ಕತ್ತರಿಸಿ ಕೊಡುತ್ತಿದ್ದರು. ತೋಳು, ಕಾಲರು, ಟೋಪಿ ಅಂಟಿಸುವವರು ನಾವು ಎಂಟು ಹತ್ತು ಹೆಂಗಸರು. ಹೊಲಿದರೆ ಸೂಜಿಯ ತೂತಿನಿಂದ ನೀರು ಇಳಿಯುತ್ತದೆ, ಅದಕ್ಕೆ ಅಂಟಿಸುವುದು. ಅಂಟಿಗೆ ಸಿಲೋಚನ್ ಎನ್ನುತ್ತಿದ್ದರು. ಜೇನಿನ ಹಾಗೆ ದಪ್ಪ. ಅದನ್ನು ತೆಳು ಮಾಡಲು ಡ್ರಮ್ಮಿನಿಂದ ನೀರಿನಂಥದ್ದೊಂದನ್ನು ಸುರಿಯುತ್ತಿದ್ದರು. ನಾವು ಅದನ್ನು ಪೆಟ್ರೋಲ್ ಎಂದು ಕರೆಯುತ್ತಿದ್ದೆವು, ಪೆಟ್ರೋಲ್ ಅಲ್ಲ ಅದು. ಸಿಹಿ ವಾಸನೆ. ಬ್ರಷ್ಷಿನಿಂದ ಹಚ್ಚಿ, ಬೆರಳಿನಿಂದ ಒತ್ತಿ ಅಂಚು ಕೂರಿಸಬೇಕು. ಕೈಗೆ ಮೆತ್ತಿದ ಅಂಟು ಸಾಬೂನಿಗೆ ಬಿಡುತ್ತಿರಲಿಲ್ಲ, ಈ ಪೆಟ್ರೋಲಿಗೆ ಬಿಡುತ್ತಿತ್ತು. ಅದರಲ್ಲಿ ಕೈ ತೊಳೆದು ಅದೇ ಕೈಯಿಂದ ರೊಟ್ಟಿ ಮುರಿಯುತ್ತಿದ್ದೆವು. ಗಾಳಿ ಬಂದರೆ ಹಸಿ ಅಂಟಿನ ಮೇಲೆ ಧೂಳು ಕೂರುತ್ತದೆಂದು ಕಿಟಕಿಗಳು ಮುಚ್ಚಿರುತ್ತಿದ್ದವು. ಸೇಠ್ ಕೆಟ್ಟ ಮನುಷ್ಯನಲ್ಲ. ಊಟದ ಮೇಲೆ ಎಲ್ಲರಿಗೂ ಬೆಲ್ಲದ ತುಣುಕು ಕೊಡಿಸುತ್ತಿದ್ದ. ಬೆಲ್ಲ ತಿಂದರೆ ವಾಸನೆ ಎದೆಯಲ್ಲಿ ಕೂರುವುದಿಲ್ಲ ಎನ್ನುತ್ತಿದ್ದ. ತಾನೂ ತಿನ್ನುತ್ತಿದ್ದ.

ನನಗೆ ಆ ಯೂನಿಟ್ ಇಷ್ಟವಾಗಿತ್ತು. ಅಲ್ಲಿ ಯಾರು ಯಾರನ್ನು ಮುಟ್ಟಿದರೂ ಕೇಳುವವರಿಲ್ಲ. ತಿಂಗಳ ದಿನ ಬಂದಾಗ ಗ್ಯಾಲರಿಯಲ್ಲಿ ಕೂರುವ ಬದಲು ನಾನು ಮೊದಲ ಲೋಕಲ್ ಹಿಡಿದು ಡೊಂಬಿವಲಿಗೆ ಹೋಗಿಬಿಡುತ್ತಿದ್ದೆ. ವಾಚ್‌ಮನ್ ಬಾಗಿಲು ತೆಗೆಯುವಾಗ ನಾನು ಅಲ್ಲಿರುತ್ತಿದ್ದೆ, ಕಡೆಗೆ ಹೊರಡುವವಳೂ ನಾನೇ. ಮಳೆಗಾಲದ ಮೊದಲು ಆರ್ಡರು ಜಾಸ್ತಿ, ಭಾನುವಾರವೂ ಕೆಲಸ ಸಿಗುತ್ತಿತ್ತು. ಹೊಟ್ಟೆ ನೋವು ಬಂದರೆ ಡ್ರಮ್ಮುಗಳ ಮಗ್ಗುಲಿಗೆ ಬಟ್ಟೆಯ ಉರುಳಿಯ ಮೇಲೆ ಅಡ್ಡಾಗುತ್ತಿದ್ದೆ. ಆ ಮೂಲೆ ತಂಪಾಗಿತ್ತು. ಎದುರಿನ ಮೇಜಿನ ಸುಮನ್ ಕಲ್ಯಾಣದ ಮರಾಠಿ ಹೆಂಗಸು, ಬಾಯಿ ಜೋರು. ಇದನ್ನೇ ತವರುಮನೆ ಮಾಡಿಕೊಂಡಿದ್ದೀಯಲ್ಲ, ಸೇಠ್‌ಗೆ ಹೇಳಿ ಬಾಣಂತನವನ್ನೂ ಇಲ್ಲಿಯೇ ಮಾಡಿಸಿಕೋ ಎಂದು ನಗುತ್ತಿದ್ದಳು. ನನಗೂ ನಗು. ಆ ವಾಸನೆಯಲ್ಲಿ ಕೆಲವು ಸಲ ಸುಮ್ಮಸುಮ್ಮನೆ ನಗು ಬರುತ್ತಿತ್ತು, ಆಮೇಲೆ ತಲೆ ಸಿಡಿಯುತ್ತಿತ್ತು.

ಎರಡು ಮಳೆಗಾಲ ಹೀಗೆ ನಡೆಯಿತು. ಆಮೇಲೆ ನಾಲ್ಕು ದಿನಕ್ಕೆ ನಿಲ್ಲಬೇಕಾದದ್ದು ಒಂದು ವಾರವಾಯಿತು, ವಾರದ್ದು ಎರಡು ವಾರ. ನಿಂತಿತು ಎಂದು ತಲೆಗೆ ನೀರು ಹಾಕಿಕೊಂಡು ಒಳಗೆ ಹೋದರೆ ಎರಡು ದಿನಕ್ಕೆ ಮತ್ತೆ ಹೊರಗೆ. ಮಗಳು ಅತ್ತೆಯ ಮಗ್ಗುಲಲ್ಲಿ ಮಲಗುವುದನ್ನು ರೂಢಿ ಮಾಡಿಕೊಂಡಳು. ಮೊದಮೊದಲು ಹೊಸ್ತಿಲಿಗೆ ಬಂದು ಅಳುತ್ತಿದ್ದಳು, ಆಮೇಲೆ ಬರುವುದನ್ನು ಬಿಟ್ಟಳು. ಅದಕ್ಕೆ ನಾನು ಇನ್ನೂ ಜಾಸ್ತಿ ಡೊಂಬಿವಲಿಯಲ್ಲಿಯೇ ಇರತೊಡಗಿದೆ. ಮನೆಯಲ್ಲಿ ಕೂರಲು ಜಾಗವಿಲ್ಲದವಳು ಮತ್ತೇನು ಮಾಡಬೇಕು?

ಮೈ ಮೇಲೆ ಕಲೆ ಏಳತೊಡಗಿದವು. ಲೋಕಲಿನಲ್ಲಿ ಯಾರದ್ದಾದರೂ ಮೊಣಕೈ ತಾಗಿದರೂ ನೀಲಿ, ಆಮೇಲೆ ಹಸಿರು. ಬೆಳಿಗ್ಗೆ ಹಲ್ಲುಪುಡಿ ತಿಕ್ಕಿದರೆ ಉಗುಳು ಕೆಂಪು. ಪಕ್ಕದ ಖೋಲಿಯ ಹೆಂಗಸು ನನ್ನ ರಟ್ಟೆ ನೋಡಿ, ನಲ್ಲಿಯ ಹತ್ತಿರ ಎಲ್ಲರ ಮುಂದೆ ನಮ್ಮ ಮನೆಯವರಿಗೆ ಬಾಯಿಗೆ ಬಂದಂತೆ ಬೈದಳು. ಹೆಂಡತಿಯನ್ನು ಹೊಡೆಯುವವನು ಗಂಡಸಲ್ಲ ಎಂದಳು. ಅವರು ನನ್ನ ಮೇಲೆ ಕೈ ಎತ್ತಿದವರಲ್ಲ, ಸರಿಯಾಗಿ ಮಾತು ಎತ್ತಿದವರೂ ಅಲ್ಲ. ಬಕೆಟ್ಟು ತುಂಬಿಸಿಕೊಂಡು ಬಂದರು. ಸಂಜೆ ಗ್ಯಾಲರಿಗೆ ಬಂದು ದೂರ ಕೂತು ಕೇಳಿದರು.

"ಖರೇ ಹೇಳು. ಯಾರರೆ ಹೊಡದಾರೇನು?"

"ಯಾರೂ ಇಲ್ಲ. ತಾನ ಏಳ್ತಾವ."

"ಹಂಗ ತಾನ ಹ್ಯಾಂಗ ಏಳ್ತಾವ?"

ನನಗೆ ಗೊತ್ತಿದ್ದರೆ ಹೇಳುತ್ತಿದ್ದೆ.

ಸ್ಟೇಷನ್ ಹತ್ತಿರದ ಡಾಕ್ಟರ್ ನನ್ನ ಮುಖ ಸರಿಯಾಗಿ ನೋಡಲಿಲ್ಲ. ಗರ್ಭಚೀಲ ಕೆಟ್ಟಿದೆ, ತೆಗೆಸಿಬಿಡಿ ಎಂದರು. ಅತ್ತೆ ಹೂಂ ಎಂದಳು. ಮನೆಯವರಿಗೆ ಒಂದು ಗಂಡು ಬೇಕಿತ್ತು, ನೆಲ ನೋಡುತ್ತ ನಿಂತರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನೂ ತೆಗೆಸಿರಿ ಎನ್ನುತ್ತಿದ್ದೆ, ಮನೆಯೊಳಗೆ ಹೋಗಬಹುದಲ್ಲ ಎಂದು. ಆಪರೇಷನ್ನಿಗೆ ಮೊದಲು ರಕ್ತ ನೋಡಲು ಬೆರಳು ಚುಚ್ಚಿದರು. ಆ ಸೂಜಿಯ ತೂತು ಮುಚ್ಚಲಿಲ್ಲ. ಹತ್ತಿ ಬದಲಿಸಿದರು, ಮತ್ತೆ ಬದಲಿಸಿದರು. ಡಾಕ್ಟರ್ ಆಗ ನನ್ನ ಮುಖ ನೋಡಿದರು. ಇಲ್ಲಿ ಆಗುವುದಿಲ್ಲ, ಮುಂಬಯಿಯ ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದು ಚೀಟಿ ಬರೆದರು. ಅಂದು ಕೊಯ್ದಿದ್ದರೆ ಮೇಜಿನ ಮೇಲೆಯೇ ಹೋಗುತ್ತಿದ್ದೆ.

ದೊಡ್ಡಾಸ್ಪತ್ರೆಯ ಬೆಂಚಿನ ವಿಷಯ ಹೇಳಬೇಕು. ಉದ್ದನೆಯ ಕಟ್ಟಿಗೆಯ ಬೆಂಚು, ಹೆಂಗಸರ ಸಾಲು. ಮನೆಯವರು ಕೇಸ್‌ಪೇಪರ್ ಮಾಡಿಸಲು ಹೋಗಿದ್ದರು. ಕೂತು ಕೂತು ಮಧ್ಯಾಹ್ನವಾಯಿತು. ನನ್ನ ಕೆಳಗೆ ಒದ್ದೆಯಾದದ್ದು ಗೊತ್ತಾಯಿತು. ಕಟ್ಟಿಕೊಂಡಿದ್ದ ಅಷ್ಟೂ ಬಟ್ಟೆ ಸಾಲಲಿಲ್ಲ. ಒಳಗಿನಿಂದ ನನ್ನ ಹೆಸರು ಕೂಗಿದರು. ನಾನು ಏಳಲಿಲ್ಲ. ಎದ್ದರೆ ಬೆಂಚು ಕಾಣುತ್ತದೆ. ಮತ್ತೆ ಕೂಗಿದರು, ಬಿಟ್ಟರು, ಮುಂದಿನವಳನ್ನು ಕರೆದರು. ಪಕ್ಕದವಳಿಗೆ ಗೊತ್ತಾಗಿ ಮಗುವನ್ನು ಎತ್ತಿಕೊಂಡು ಆಚೆ ಸರಿದಳು. ಸಾಲು ಕರಗಿತು. ಅಷ್ಟು ದೊಡ್ಡ ಮುಂಬಯಿಯಲ್ಲಿ, ಅಷ್ಟು ಜನ ಓಡಾಡುವ ಜಾಗದಲ್ಲಿ, ನಾನು ಒಂದು ಬೆಂಚಿನ ಮೇಲೆ ರಕ್ತ ಮುಚ್ಚಿಕೊಂಡು ಕೂತಿದ್ದೆ. ದೇವರ ಹೆಸರು ನೆನಪಾಗಲಿಲ್ಲ. ಬಚ್ಚಲು ಎಲ್ಲಿದೆ ಎನ್ನುವುದೊಂದೇ ಯೋಚನೆ.

ಕಡೆಗೆ ಕಸ ಗುಡಿಸುವ ಹೆಂಗಸು ಬಂದಳು. ನಿಂತು ನೋಡಿದಳು. ಹೋಗಿ ಬಕೆಟ್ಟು ತಂದಳು, ತನ್ನ ಭುಜದ ಮೇಲಿನ ಬಟ್ಟೆ ನನಗೆ ಕೊಟ್ಟಳು. ನಾನು ಎದ್ದ ಮೇಲೆ ಬೆಂಚಿಗೆ ನೀರು ಹಾಕಿದಳು. ಒಂದು ಮಾತು ಆಡಲಿಲ್ಲ. ಅವಳು ಏನಾದರೂ ಅಂದಿದ್ದರೆ ನಾನು ಅಲ್ಲಿಂದ ಸ್ಟೇಷನ್ನಿಗೆ ಹೋಗಿಬಿಡುತ್ತಿದ್ದೆ, ಇದನ್ನು ಬರೆಯಲು ಇರುತ್ತಿರಲಿಲ್ಲ.

ಡಾಕ್ಟರ್ ಹರೆಯದ ಹೆಂಗಸು, ಮರಾಠಿಯವರು. ಹೆಂಡತಿ ಏನು ಕೆಲಸ ಮಾಡುತ್ತಾಳೆ ಎಂದು ಕೇಳಿದಾಗ ಮನೆಯವರು "ಘರ್ ಮೇ ರಹತಿ ಹೈ" ಎಂದರು, ಮನೆಯಲ್ಲೇ ಇರುತ್ತಾಳೆ ಎಂದು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಗಂಡಸು ಮೂಟೆ ಹೊತ್ತು ಮನೆ ನಡೆಸುತ್ತಾನೆ ಎಂದು ಅಲ್ಲಿ ಹೇಳಿಕೊಳ್ಳಬೇಕಿತ್ತು ಅವರಿಗೆ. ಪೇಪರಿನ ಮೇಲೆ ಹಾಗೆಯೇ ಬಿತ್ತು. ನನ್ನನ್ನು ವಾರ್ಡಿಗೆ ಹಾಕಿದರು. ಸೊಂಟದ ಎಲುಬಿಗೆ ದಪ್ಪ ಸೂಜಿ ತಿರುವಿ ಒಳಗಿನದ್ದನ್ನು ಎಳೆದರು. ಹೆರಿಗೆ ಅದಕ್ಕಿಂತ ವಾಸಿ.

ಆ ವಾರ್ಡಿನಲ್ಲಿ ಮಂಗಳೂರು ಕಡೆಯ ಒಬ್ಬ ಸಿಸ್ಟರ್ ಇದ್ದರು. ಮೊದಲ ದಿನ ಅವರು ಆಡುವುದು ಕನ್ನಡವೆಂದು ನನಗೆ ಗೊತ್ತಾಗಲಿಲ್ಲ, ನನ್ನದು ಅವರಿಗೆ ಗೊತ್ತಾಗಲಿಲ್ಲ. ಎರಡನೆಯ ದಿನಕ್ಕೆ ಸರಿ ಹೋಯಿತು. ಡಾಕ್ಟರ್ ಕೇಳುವುದನ್ನು ಅವರೇ ನನಗೆ ತಿರುಗಿಸಿ ಹೇಳುತ್ತಿದ್ದರು. ರಿಪೋರ್ಟ್ ಬಂದ ದಿನ ಇಬ್ಬರೂ ನನ್ನ ಮಂಚದ ಹತ್ತಿರ ನಿಂತರು.

"ನೋಡಿ ನೀಲವ್ವ, ಎಲುಬಿನ ಒಳಗೆ ರಕ್ತ ಆಗ್ತದಲ್ಲ, ನಿಮ್ಮದು ಆ ಜಾಗ ಖಾಲಿ ಆಗಿದೆ."

"ಮತ್ತ ತುಂಬತೈತೇನ್ರಿ?"

"ಕೆಲವರಿಗೆ ತುಂಬ್ತದೆ. ಕೆಲವರಿಗೆ ಇಲ್ಲ. ನಾನು ಸುಳ್ಳು ಹೇಳುದಿಲ್ಲ ಮಾರಾಯ್ತಿ."

ಡಾಕ್ಟರ್ ನನ್ನ ಕೈ ಹಿಡಿದು ಉಗುರು ನೋಡುತ್ತಿದ್ದರು. ಉಗುರಿನ ಬುಡಕ್ಕೆ ಹಳದಿ ಅಂಟು ಕೂತಿತ್ತು. ಮರಾಠಿಯಲ್ಲಿ ಏನೋ ಅಂದರು. ಸಿಸ್ಟರ್ ಕೇಳಿದರು, ಈ ರಕ್ತಸ್ರಾವ ಯಾವಾಗಿನಿಂದ, ಎಷ್ಟು ದಿನ ಹೊರಗೆ ಕೂರುತ್ತೀರಿ ಎಂದು. ಅವರ ಕಡೆಯೂ ಹೊರಗೆ ಎಂದರೆ ಅದೇ ಅರ್ಥ. ಹೇಳಿದೆ.

"ಅಷ್ಟು ದಿನ ಹೊರಗೆ ಅಂದ್ರೆ ಎಲ್ಲಿ ಕೂತ್ಕೊಳ್ಳುದು ನೀವು? ಒಂದೇ ರೂಮು ಅಂದ್ರಲ್ಲ?"

"ಕಂಪನ್ಯಾಗ."

"ಯಾವ ಕಂಪನಿ?"

ಆಗ ಎಲ್ಲ ಹೇಳಿದೆ. ಅಂಟು, ಡ್ರಮ್ಮು, ಮುಚ್ಚಿದ ಕಿಟಕಿ, ಕೈ ತೊಳೆಯುವುದು, ಮಗ್ಗುಲಿಗೆ ಮಲಗುವುದು. ಸಿಸ್ಟರ್ ತಿರುಗಿಸಿ ಹೇಳುತ್ತ ಹೋದಂತೆ ಡಾಕ್ಟರ್ ಮಂಚದ ಅಂಚಿಗೆ ಕೂತುಬಿಟ್ಟರು. ಆ ನೀರಿಗೆ ಬೆಂಜೀನ್ ಎನ್ನುತ್ತಾರೆ, ಅದರ ಹಬೆ ಎಲುಬಿನೊಳಗೆ ಹೋಗಿ ರಕ್ತ ಹುಟ್ಟುವುದನ್ನು ನಿಲ್ಲಿಸುತ್ತದೆ ಎಂದರು. ಗರ್ಭಚೀಲದ್ದು ತಪ್ಪೇನೂ ಇರಲಿಲ್ಲ. ರಕ್ತವನ್ನು ಹೆಪ್ಪುಗಟ್ಟಿಸುವ ಕಣಗಳೇ ಇಲ್ಲದ ಮೇಲೆ ತಿಂಗಳಿನದ್ದು ನಿಲ್ಲುವುದೆಲ್ಲಿಂದ? ನಿಲ್ಲದ ಮೇಲೆ ನಾನು ಮನೆಯಲ್ಲಿರುವುದೆಲ್ಲಿಂದ? ಹೊರಗೆ ಕೂರುವುದಕ್ಕೆಂದು ನಾನು ಹೋಗಿ ಕೂತದ್ದು ಆ ಡ್ರಮ್ಮಿನ ಹತ್ತಿರ.

ಡಾಕ್ಟರ್ ಎದ್ದು ನಿಂತು ಒಂದೇ ಮಾತು ಹೇಳಿದರು. ಸಿಸ್ಟರ್ ಅದನ್ನು ನಿಧಾನವಾಗಿ ಹೇಳಿದರು.

"ನೀವು ಬದುಕುದಾದ್ರೆ ಆ ಜಾಗಕ್ಕೆ ಇನ್ನು ಒಂದು ಗಂಟೆಗೂ ಹೋಗ್ಲಿಕ್ಕಿಲ್ಲ. ಆಯ್ತಾ?"

ಆಯಿತು ಎಂದೆ. ಆದರೆ ಮತ್ತೆಲ್ಲಿ ಕೂರಲಿ ಎಂದು ಕೇಳಬೇಕಿತ್ತು. ಅದು ಡಾಕ್ಟರಿಗೆ ಕೇಳುವ ಮಾತಲ್ಲ.

ಆಮೇಲೆ ನನ್ನ ಮಂಚವನ್ನು ಮೂಲೆಗೆ ಸರಿಸಿದರು. ರೋಗದ ಜೊತೆ ಹೋರಾಡುವ ಬಿಳಿ ಕಣಗಳೂ ಇಲ್ಲ, ಯಾರೂ ಹತ್ತಿರ ಬರಬಾರದು, ಮುಟ್ಟಬಾರದು ಎಂದರು. ಊಟದ ತಾಟನ್ನು ಆಯಾ ಸ್ಟೂಲಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. ಇಲ್ಲಿಯೂ ನಾನು ಹೊರಗೇ ಎಂದು ನಕ್ಕೆ. ನಗುವುದನ್ನು ಕೇಳಲು ಯಾರೂ ಇರಲಿಲ್ಲ. ಇಡೀ ದಿನ ಕಿಟಕಿಯ ಸರಳು ನೋಡುವುದು. ಆಚೆ ಮಂಚದ ಮುದುಕಿಗೆ ಮಾತು ಬರುತ್ತಿತ್ತು, ಗುಜರಾತಿ. ನನಗೆ ಬರುತ್ತಿರಲಿಲ್ಲ. ಒಂದು ದಿನ ಅವಳ ಮಂಚ ಖಾಲಿಯಾಯಿತು.

ರಕ್ತ ಬೇಕೆಂದರು. ಮನೆಯವರು ಒಂದು ಬಾಟಲಿ ಕೊಟ್ಟರು. ಇನ್ನೊಂದಕ್ಕೆ ಧಕ್ಕೆಯ ಜೊತೆಗಾರರನ್ನು ಕರೆತಂದರು. ಗೇಟಿನವರೆಗೆ ನಾಲ್ಕು ಜನ ಬಂದರಂತೆ, ಒಬ್ಬ ಚಹಾ ಕುಡಿಯಲು ಹೋದ, ಅವನನ್ನು ಹುಡುಕಲು ಉಳಿದವರು ಹೋದರು. ರಕ್ತ ಕೊಟ್ಟವನು ಮೂಟೆ ಎತ್ತಲಾರ ಎಂದು ಅವರಿಗೆ ಭಯ. ತಪ್ಪು ಎನ್ನುವುದಿಲ್ಲ ನಾನು, ಅವರದ್ದು ಬೆನ್ನಿನ ಮೇಲಿನ ಜೀವನ. ಸಿಸ್ಟರ್ ತಮ್ಮ ಊರಿನವರ ಹೋಟೆಲಿನಿಂದ ಒಬ್ಬ ಮಾಣಿಯನ್ನು ಕಳಿಸಿದರು. ಅವನ ಮುಖ ನಾನು ನೋಡಲಿಲ್ಲ. ಕೊಟ್ಟು, ಬಿಸ್ಕೀಟು ತಿಂದು, ಮಧ್ಯಾಹ್ನದ ಊಟದ ಗಿರಾಕಿ ಬರುವ ಹೊತ್ತಾಯಿತೆಂದು ಓಡಿದನಂತೆ.

ಅತ್ತೆ ಒಂದೇ ಸಲ ಬಂದಳು. ವಾರ್ಡಿನ ಬಾಗಿಲಲ್ಲಿ ನಿಂತಳು, ಎಂದಿನಂತೆ ಅಷ್ಟು ದೂರ. ನನ್ನನ್ನು ನೋಡಿ ಏನನಿಸಿತೋ, ಎರಡು ಹೆಜ್ಜೆ ಒಳಗೆ ಹಾಕಿದಳು. ಸಿಸ್ಟರ್ ಅಡ್ಡ ಬಂದರು.

"ಅಮ್ಮ, ಮುಟ್ಲಿಕ್ಕಿಲ್ಲ. ಅಲ್ಲೇ ನಿಲ್ಲಿ."

"ನಾ ಏನ್ ಮುಟ್ಟೂದಿಲ್ಲ ತಾಯಿ. ಅಕಿ ಹೊರಗದಾಳ, ನನಗ ಗೊತ್ತದ."

"ಅದಲ್ಲ. ನಿಮ್ಮಿಂದ ಅವರಿಗೆ ತೊಂದರೆ ಆಗ್ತದೆ."

ಅತ್ತೆ ಸಿಸ್ಟರ್ ಕಡೆ ತಿರುಗಿದಳು. "ನನ್ನಿಂದ ಅಕಿಗೆ ಮೈಲಿಗಿ?" ಎಂದಳು.

"ಹೌದು. ನಿಮ್ಮಿಂದ, ನನ್ನಿಂದ, ಎಲ್ಲರಿಂದ."

ಅತ್ತೆ ತಂದ ಸಜ್ಜಿ ರೊಟ್ಟಿಯ ಗಂಟನ್ನು ಬಾಗಿಲ ಬಳಿ ನೆಲದ ಮೇಲಿಟ್ಟು, ಕೈಯಿಂದ ನನ್ನ ಕಡೆ ಸರಿಸಿ ಹೋದಳು. ಅದನ್ನೂ ತಿನ್ನಲು ಕೊಡಲಿಲ್ಲ ನನಗೆ.

ಗುಳಿಗೆ ಶುರುವಾಯಿತು. ಗಂಡಸರ ಮೈಯಲ್ಲಿರುವ ರಸದ ಗುಳಿಗೆ, ಎಲುಬನ್ನು ಎಬ್ಬಿಸಲು. ಅದರಿಂದ ತಿಂಗಳಿನದ್ದು ಪೂರ್ತಿ ನಿಂತಿತು. ನಾನು ಕಳವಾಕ್ಕೆ ಮರಳಿದಾಗ ಅತ್ತೆಗೆ ಅದರಿಂದ ಸಮಾಧಾನ, ಒಳಗೆ ಬಾ ಎಂದಳು. ಆದರೆ ಗುಳಿಗೆ ಬೇರೆಯದನ್ನೂ ಮಾಡಿತು. ಮೇಲ್ದುಟಿಯ ಮೇಲೆ ಕೂದಲು ಬಂತು, ಗದ್ದಕ್ಕೆ ಬಂತು. ಧ್ವನಿ ಒಡೆಯಿತು. ಒಂದು ಮುಂಜಾನೆ ಮಗಳನ್ನು ಕೂಗಿದೆ. ಅವಳು ಅಪ್ಪ ಬಂದರೆಂದು ಬಾಗಿಲಿಗೆ ಓಡಿದಳು. ಯಾರೂ ಇಲ್ಲದ್ದು ನೋಡಿ ತಿರುಗಿ ನನ್ನ ಬಾಯಿ ನೋಡಿದಳು. ಆಮೇಲೆ ಸುಮಾರು ದಿನ ನಾನು ಅವಳೊಡನೆ ಸನ್ನೆಯಲ್ಲಿ ಮಾತಾಡಿದೆ. ಚಾಳಿನ ಹುಡುಗರು ಮೀಸೆಯವ್ವ ಎನ್ನುತ್ತಿದ್ದರು. ಮನೆಯವರು ಕತ್ತಲಲ್ಲಿಯೂ ನನ್ನ ಕಡೆ ತಿರುಗುತ್ತಿರಲಿಲ್ಲ. ಇದನ್ನು ಟೀಚರ್ ಹೊಡೆದು ಹಾಕಿದ್ದರು, ನಾನು ಮತ್ತೆ ಬರೆದಿದ್ದೇನೆ. ಇಂಥ ರೋಗದಲ್ಲಿ ಅದೂ ಆಗುತ್ತದೆ.

ಸ್ವಲ್ಪ ನಡೆಯಲು ಬಂದ ಮೇಲೆ ಡೊಂಬಿವಲಿಗೆ ಹೋದೆ. ಒಳಗಲ್ಲ, ರಸ್ತೆಯ ಈಚೆ ನಿಂತೆ. ಊಟದ ಹೊತ್ತಿಗೆ ಸುಮನ್ ಮತ್ತು ಇನ್ನಿಬ್ಬರು ಹೊರಗೆ ಬಂದರು. ಆ ವಾಸನೆ ರಕ್ತ ತಿನ್ನುತ್ತದೆ, ಅದರಲ್ಲಿ ಕೈ ತೊಳೆಯಬೇಡಿ, ಕಿಟಕಿ ತೆಗೆಸಿರಿ ಎಂದೆ. ಸುಮನ್ ನನ್ನ ಧ್ವನಿ ಕೇಳಿ ಮೊದಲು ಬೆಚ್ಚಿದಳು. ಆಮೇಲೆ ಮರಾಠಿಯಲ್ಲಿ ಹೇಳಿದಳು, ನಾವೆಲ್ಲ ಅದನ್ನೇ ಮೂಸುತ್ತೇವೆ, ನಿನಗೊಬ್ಬಳಿಗೇ ಯಾಕೆ ಬಂತು?

ನಾನು ಹೆಚ್ಚು ಹೊತ್ತು ಇದ್ದೆ ಎನ್ನಬಹುದಿತ್ತು, ಅಂದೆ ಕೂಡ. ಡಾಕ್ಟರನ್ನೂ ಕೇಳಿದ್ದೆ, ಒಬ್ಬೊಬ್ಬರ ಮೈ ಒಂದೊಂದು ಥರ ಎಂದಿದ್ದರು. ಅದು ಗಂಟೆ ಹೊಡೆದರೆ ಒಳಗೆ ಹೋಗಬೇಕಾದವಳಿಗೆ ಹೇಳುವ ಉತ್ತರವಲ್ಲ. ಜೊತೆಗಿದ್ದವಳು, ಯೂನಿಟ್ ಬಂದ್ ಮಾಡಿಸಲು ಬಂದಿದ್ದೀಯಾ ಎಂದಳು. ಸುಮನ್ ಅವಳನ್ನು ಸುಮ್ಮನಾಗಿಸಿದಳು.

"ಘಾಬರವು ನಕೋ ಆಮ್ಹಾಲಾ," ಎಂದಳು. ನಮ್ಮನ್ನು ಹೆದರಿಸಬೇಡ ಎಂದು. "ಜಾ ಘರೀ." ಮನೆಗೆ ಹೋಗು ಎಂದು.

ಹೋಗುವಾಗ ತನ್ನ ಪಾಲಿನ ಬೆಲ್ಲದ ತುಣುಕು ನನ್ನ ಕೈಗೆ ಹಾಕಿದಳು. ಅವಳು ಮತ್ತೆ ನನಗೆ ಸಿಗಲಿಲ್ಲ. ಎರಡು ವರ್ಷಕ್ಕೆ ಆ ಯೂನಿಟ್ ಅಂಬರನಾಥದ ಕಡೆ ಹೋಯಿತೆಂದು ಕೇಳಿದೆ. ಅವಳಿಗೆ ಏನಾದರೂ ಆಯಿತೋ, ಏನೂ ಆಗಲಿಲ್ಲವೋ, ನನಗೆ ಗೊತ್ತಿಲ್ಲ.

ಗುಳಿಗೆ ಶುರುವಾಗಿ ಒಂದು ವರ್ಷದ ಮೇಲಾಯಿತು. ಪ್ರತಿ ಸಲ ತಪಾಸಣೆಗೆ ರಕ್ತ ಕೊಡುವುದು, ಬೆಂಚಿನ ಮೇಲೆ ಕೂರುವುದು, ಕೂಗಿದಾಗ ಏಳುವುದು. ಒಬ್ಬಳೇ ಹೋಗಿ ಬರುತ್ತಿದ್ದೆ, ಮನೆಯವರಿಗೆ ಕೆಲಸ ತಪ್ಪಿಸಿ ಖಾಡಾ ಮಾಡಿದರೆ ನಡೆಯುತ್ತಿರಲಿಲ್ಲ. ಕಣಗಳು ಏರುತ್ತಿವೆ, ಆದರೆ ನಿಧಾನ ಎನ್ನುತ್ತಿದ್ದರು. ಕಡೆಗೆ ಡಾಕ್ಟರ್ ಗುಳಿಗೆ ಇಳಿಸಿದರು. ಗುಳಿಗೆ ಬಿಟ್ಟ ಮೇಲೆ ತಿಂಗಳಿನದ್ದು ಬರುತ್ತದೆ, ಹೆದರಬೇಡ ಎಂದರು. ತಾನಾಗಿ ನಾಲ್ಕೈದು ದಿನಕ್ಕೆ ನಿಂತರೆ ನಿನ್ನ ರಕ್ತ ನಿನ್ನದಾಯಿತು ಎಂದು ತಿಳಿ, ನಿಲ್ಲದಿದ್ದರೆ ತಡ ಮಾಡದೆ ಇಲ್ಲಿಗೆ ಬಾ ಎಂದರು. ನಿಲ್ಲದಿದ್ದರೆ ಮುಂದೇನು ಎಂದು ನಾನು ಕೇಳಲಿಲ್ಲ. ಸಿಸ್ಟರ್ ನನ್ನ ಕಡೆ ನೋಡದೆ ಹತ್ತಿ ಸುತ್ತುತ್ತಿದ್ದರು. ಅಷ್ಟು ಸಾಕಾಯಿತು.

ಮನೆಯಲ್ಲಿ ಹೇಳಿದೆ. ಆ ದಿನಗಳಲ್ಲಿ ನಾನು ಏನು ಮಾಡುತ್ತಿದ್ದರೂ ಅದರ ದಾರಿಯನ್ನೇ ಕಾಯುತ್ತಿದ್ದೆ. ಬರಲಿ ಎಂದೂ ಅನಿಸುತ್ತಿತ್ತು, ಬಾರದಿರಲಿ ಎಂದೂ ಅನಿಸುತ್ತಿತ್ತು. ಮಳೆಗಾಲ ಹಿಡಿದಿತ್ತು. ಗ್ಯಾಲರಿಗೆ ಪತ್ರಾದಿಂದ ನೀರು ಸೋರಿ ನೆಲವೆಲ್ಲ ಒದ್ದೆ. ಕೆಮ್ಮು ನೆಗಡಿ ಹತ್ತಿಸಿಕೊಳ್ಳಬೇಡ ಎಂದು ಡಾಕ್ಟರ್ ಬೇರೆ ಹೇಳಿದ್ದರು. ಡೊಂಬಿವಲಿ ಇಲ್ಲ. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ನನಗೆ ಕೂರಲು ಜಾಗ ಎಲ್ಲಿಯೂ ಇರಲಿಲ್ಲ.

ಬಂದದ್ದು ಒಂದು ಮಧ್ಯಾಹ್ನ, ಅಕ್ಕಿ ಆರಿಸುವಾಗ. ಮೊರ ಕೆಳಗಿಟ್ಟು ಎದ್ದೆ. ಮೂಲೆಯಿಂದ ನನ್ನ ಚಾಪೆ ತೆಗೆದುಕೊಂಡು ಬಾಗಿಲಿಗೆ ನಡೆದೆ. ಅತ್ತೆಗೆ ಹೇಳುವ ಅಗತ್ಯವಿರಲಿಲ್ಲ.

"ಚಾಪಿ ಇಡು," ಎಂದಳು ಅತ್ತೆ.

ನಿಂತೆ. ಅವಳು ಎದ್ದು ಕೈಕಾಲು ತೊಳೆದುಕೊಂಡಳು. ಸೆರಗು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡಳು. ಅಂದು ಬುಧವಾರ, ಜೋಗದ ದಿನವಲ್ಲ. ಹಲಗೆಯ ಮೇಲಿಂದ ದೇವಿಯ ಬುಟ್ಟಿ ಎತ್ತಿ ತಲೆಗೇರಿಸಿ ನನ್ನ ಮುಂದೆಯೇ ಹೊಸ್ತಿಲು ದಾಟಿದಳು. ಗ್ಯಾಲರಿಯಲ್ಲಿ ಒಣಗಿದ ಒಂದು ತುಂಡು ನೆಲ ನೋಡಿ, ಮಣೆ ಹಾಕಿ, ಬುಟ್ಟಿ ಇಳಿಸಿ, ತಾನೂ ಪಕ್ಕದಲ್ಲಿ ಕೂತಳು. ನೀರಿಗೆ ಹೊರಟಿದ್ದ ಪಕ್ಕದ ಖೋಲಿಯವಳು ಕೊಡ ಹಿಡಿದು ನಿಂತು, ಇದೇನು ಅಜ್ಜಿ, ದೇವರನ್ನು ಹೊರಗೆ ಹಾಕಿದಿರಿ ಎಂದು ಹಿಂದಿಯಲ್ಲಿ ಕೇಳಿದಳು.

ಅತ್ತೆ ಬುಟ್ಟಿಯ ಮೇಲೆ ಕೈಯಿಟ್ಟು ನನಗೆ ಹೇಳಿದಳು.

"ಇಕಿ ಗಂಡ ಹೊರಗ ಹಾಕಿದಾಗ ಹಾದಿ ತಿರುಗಿದಾಕಿ, ಇಕಿಗೆ ಹೊರಗಿಂದು ಗೊತ್ತದ. ನಾಕ ದಿನ ಕುಂದರ್ತಾಳ. ನೀ ಒಳಗ ಬಿದ್ದಕೋ."

"ಅತ್ತಿ, ಮಳಿ ಬರಾಕತ್ತದ್ರಿ."

"ಬರ್ಲಿ. ಕದಾ ಮುಂದ ಮಾಡು."

ಬಾಗಿಲು ಮುಂದೆ ಮಾಡಿದೆ. ಮಗಳನ್ನು ಅತ್ತೆ ತನ್ನ ಹತ್ತಿರ ಇಟ್ಟುಕೊಂಡಿದ್ದಳು, ಮನೆಯವರು ಆ ವಾರ ಧಕ್ಕೆ ಬಿಟ್ಟು ಬರಲಿಲ್ಲ. ಆ ಖೋಲಿಯಲ್ಲಿ ನಾನು ಒಬ್ಬಳೇ ಮಲಗಿದ್ದು ಅದೇ ಮೊದಲು. ಕೈ ಚಾಚಿ ಮಲಗಿದೆ, ಎಲ್ಲಿಯೂ ಯಾರೂ ತಾಗಲಿಲ್ಲ. ಇಷ್ಟು ಕೊಟ್ಟರಲ್ಲ ಎಂದು ಸಂತೋಷವಾಗಬೇಕಿತ್ತು, ಆಗಲಿಲ್ಲ. ಅತ್ತೆ ಹೊರಗೆ ಕೂತು ಏನು ಕಾಯುತ್ತಿದ್ದಾಳೆಂದು ನನಗೆ ಗೊತ್ತಿತ್ತು, ಅದನ್ನೇ ನಾನು ಒಳಗೆ ಕಾಯುತ್ತಿದ್ದೆ. ಕದದ ಆ ಕಡೆ ಅವಳು, ಈ ಕಡೆ ನಾನು. ಸಾಯುವ ಭಯವನ್ನು ಹಂಚಿಕೊಳ್ಳಲು ಆಗುವುದಿಲ್ಲ. ಪಕ್ಕದಲ್ಲಿ ಕೂರಬಹುದು, ಅಷ್ಟೇ. ಆಸ್ಪತ್ರೆಯ ಬೆಂಚಿನ ಆ ಹೆಂಗಸಿಗೆ ನಾನು ಹೇಳಬೇಕಿದ್ದದ್ದು ಇದು.

ಎರಡನೆಯ ದಿನ ಜೋರಾಗಿತ್ತು. ಮೂರನೆಯ ದಿನವೂ ಇತ್ತು. ಅತ್ತೆ ಬಾಗಿಲ ಸಂದಿಯಿಂದ ತಾಟು ಒಳಗೆ ಸರಿಸುವಾಗ ನನ್ನ ಮುಖ ನೋಡುತ್ತಿದ್ದಳು, ನಾನು ಇನ್ನೂ ನಿಂತಿಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದೆ. ನಾಲ್ಕನೆಯ ದಿನ ಬೆಳಗಾಗಿ ಎದ್ದು ನೋಡಿಕೊಂಡೆ. ಇನ್ನೊಮ್ಮೆ ನೋಡಿಕೊಂಡೆ. ಮಧ್ಯಾಹ್ನದವರೆಗೆ ಯಾರಿಗೂ ಹೇಳಲಿಲ್ಲ, ಗೋಡೆಗೆ ಒರಗಿ ಕೂತೆ. ಮತ್ತೆ ನೋಡಿಕೊಂಡೆ. ಬಟ್ಟೆ ಬೆಳ್ಳಗಿತ್ತು.

ಬಾಗಿಲು ತೆಗೆದೆ. ಅತ್ತೆ ಗೋಡೆಗೆ ತಲೆ ಆನಿಸಿ ತೂಕಡಿಸುತ್ತಿದ್ದಳು, ಸೀರೆಯ ಅಂಚು ಮಳೆನೀರಲ್ಲಿ ತೊಯ್ದಿತ್ತು. ಕಣ್ಣು ಬಿಟ್ಟಳು.

"ನಿಂತತಿ," ಎಂದೆ. ಆ ಧ್ವನಿಯಲ್ಲಿ.

ಅತ್ತೆ ಮೊಣಕಾಲ ಮೇಲೆ ಕೈ ಊರಿ ಎದ್ದಳು. ನೀರು ಕಾಸುತ್ತೇನೆ, ತಲೆಗೆ ಹಾಕಿಕೋ ಎಂದು ಒಳಗೆ ಹೋದಳು.